ಅತ್ತೆಯ ಹದಿನಾಲ್ಕು ನಿಮಿಷ

ನನ್ನ ಅತ್ತೆ ಕೃಪಾಮಣಿಯವರ ಪ್ರಾರ್ಥನೆ ಸರಿಯಾಗಿ ಹದಿನಾಲ್ಕು ನಿಮಿಷ. ಇದನ್ನು ಗಡಿಯಾರ ನೋಡಿ ಹೇಳುತ್ತಿಲ್ಲ, ಉಪ್ಪಿಟ್ಟು ನೋಡಿ ಹೇಳುತ್ತಿದ್ದೇನೆ. ನಂಜನಗೂಡಿನ ನಮ್ಮ ಚಿಕ್ಕ ಕ್ರೈಸ್ತ ಸಭೆಯವರು ಪ್ರತಿ ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ನಮ್ಮ ಮನೆಯ ಸರದಿ ಬಂದಾಗ ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಅತ್ತೆ ‘ದೇಶವನ್ನಾಳುವವರಿಗೆ ಜ್ಞಾನವನ್ನು ದಯಪಾಲಿಸು’ ಅಂದಾಗ ಒಗ್ಗರಣೆ, ‘ಕಡಲಾಚೆಯ ನಿನ್ನ ಸೇವಕರನ್ನು ಕಾಪಾಡು’ ಅಂದಾಗ ನೀರು, ‘ವಿಧವೆಯರಿಗೂ ಅನಾಥರಿಗೂ ಆಶ್ರಯನಾಗಿರು’ ಅಂದಾಗ ರವೆ. ಆಮೆನ್ ಹೊತ್ತಿಗೆ ತಟ್ಟೆ ತಯಾರು. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ನನ್ನ ಉಪ್ಪಿಟ್ಟು ಒಮ್ಮೆಯೂ ತಳ ಹಿಡಿದಿರಲಿಲ್ಲ.

ಆ ಪ್ರಾರ್ಥನೆ ಅವರ ಅಪ್ಪನದು. ಅವರು ಟಿ. ನರಸೀಪುರದ ಕಡೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು ಸುವಾರ್ತೆ ಸಾರುವ ಉಪದೇಶಿಯಾಗಿದ್ದವರು. ಅತ್ತೆ ಹನ್ನೆರಡನೇ ವಯಸ್ಸಿನಲ್ಲಿ ಕಲಿತಿದ್ದರು, ಐವತ್ನಾಲ್ಕರಲ್ಲೂ ಒಂದಕ್ಷರ ಆಚೀಚೆ ಆಗಿರಲಿಲ್ಲ. ಮನೆಯಲ್ಲಿ ‘ಓಗು, ಬತ್ತೀನಿ’ ಎಂದು ಮಾತಾಡುವ ಹೆಂಗಸು ದೇವರ ಮುಂದೆ ಮಾತ್ರ ಹಳೆಯ ಬೈಬಲ್ಲಿನ ಕನ್ನಡವನ್ನು ಹಬ್ಬದ ಸೀರೆಯ ಹಾಗೆ ತೆಗೆದು ಉಟ್ಟುಕೊಳ್ಳುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಸಿಡಿಮಿಡಿಯೂ ಆಗುತ್ತಿತ್ತು. ಇಷ್ಟು ಹೊತ್ತಿಗೆ ದೇವರಿಗೂ ಬಾಯಿಪಾಠ ಆಗಿರಬೇಕು ಅತ್ತೆ ಎಂದು ಒಮ್ಮೆ ಅಂದುಬಿಟ್ಟೆ. ಒಳ್ಳೇದೇ ಆಯ್ತಲ್ಲ ಎಂದು ಅವರು ನಕ್ಕರು. ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದಕ್ಕೆ ನನಗೆ ಯಾವತ್ತೂ ಆಗಲಿಲ್ಲ.

ಹದಿನೆಂಟು ವರ್ಷದಿಂದ ಅವರು ಬೆಳಗಿನ ರೈಲು ಹತ್ತಿ ಬದನವಾಳಿಗೆ ಹೋಗಿ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ಪಕ್ಕದ ಚರಕ ಮರಿತಾಯಮ್ಮನದು. ಆಕೆ ಅದೇ ಊರಿನವರು, ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗೊತ್ತಾಗುವಷ್ಟು ಬಳಕೆ. ಆದರೆ ಕೇಂದ್ರದಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಆ ಮನೆಗೆ ಅತ್ತೆ ಒಂದು ದಿನವೂ ಹೋದವರಲ್ಲ. ಕೆಲಸ, ರೈಲು, ಮನೆ, ಗುರುವಾರ, ಭಾನುವಾರ. ಎಲ್ಲಕ್ಕೂ ಜಾಗ ಗೊತ್ತಾಗಿತ್ತು, ಇದಕ್ಕೆ ಇರಲಿಲ್ಲ, ಅಷ್ಟೇ.

ತೊಂಬತ್ತೆಂಟನೇ ಇಸವಿಯಲ್ಲಿ ಮರಿತಾಯಮ್ಮನ ಮಗಳು ಕೋಮಲಳಿಗೆ ಹನ್ನೊಂದು ವರ್ಷ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಮೈಸೂರಿನ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಅಂದರು. ಮರಿತಾಯಮ್ಮ ಅತ್ತೆಯ ಹತ್ತಿರ, ನಿಮ್ಮ ದೇವರ ಮುಂದೆ ನನ್ನ ಮಗಳಿಗಾಗಿ ಒಂದು ಮಾತು ಕೇಳಿ ಅಂದರಂತೆ. ಅತ್ತೆಗೆ ಹೆಮ್ಮೆಯೇ ಆಯಿತು. ಗುರುವಾರ ನಮ್ಮ ಮನೆಗೇ ಬಾ ಅಂದರು.

ಮರಿತಾಯಮ್ಮ ಬಂದು ಬಾಗಿಲ ಪಕ್ಕ ಕೂತರು. ಅತ್ತೆ ಎಂದಿಗಿಂತ ಗಟ್ಟಿಯಾಗಿ ಶುರುಮಾಡಿದರು. ಆಳುವವರು ಬಂದರು, ಮಳೆಬೆಳೆ ಬಂತು, ಕಡಲಾಚೆಯ ಸೇವಕರು ಬಂದರು, ರೋಗಿಗಳೆಲ್ಲರೂ ಬಂದರು. ಆಮೆನ್. ನನ್ನ ಉಪ್ಪಿಟ್ಟು ಹದವಾಗಿತ್ತು. ಮರಿತಾಯಮ್ಮ ತಟ್ಟೆ ಮುಟ್ಟಲಿಲ್ಲ. ಹೊರಡುವಾಗ ಅತ್ತೆಯ ಕೈ ಹಿಡಿದುಕೊಂಡು ಹೇಳಿದರು.

“ಲೋಕದೋರ್ನೆಲ್ಲಾ ನೆನೆದ್ರಿ ಕೃಪಕ್ಕ. ನನ್ ಕೋಮಲನ ಎಸ್ರು ಈಗ ಬತ್ತದೆ, ಈಗ ಬತ್ತದೆ ಅಂತ ಕಾಯ್ಕೊಂಡ್ ಕೂತಿದ್ದೆ.”

ಆ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು.

ಆಮೇಲಿನ ಎರಡು ದಿನ ನಮ್ಮ ಮನೆಯಲ್ಲಿ ಪ್ರಾರ್ಥನೆಯೇ ಇಲ್ಲ. ಅತ್ತೆ ಬೆಳಗ್ಗೆ ಮಂಡಿಯೂರಿ ಕೂರುತ್ತಿದ್ದರು, ಸುಮ್ಮನೆ ಎದ್ದುಬಿಡುತ್ತಿದ್ದರು. ನನಗೆ ಭಯವಾಯಿತು. ಏನಾಯಿತೆಂದು ಕೇಳಿದರೆ, ಬಾಯಿ ತೆರೆದರೆ ಅಪ್ಪನ ಮಾತೇ ಬರುತ್ತದೆ, ಅದನ್ನು ಪಕ್ಕಕ್ಕಿಟ್ಟರೆ ದೇವರ ಹತ್ತಿರ ಆಡಲು ನನ್ನದು ಅನ್ನುವ ಒಂದು ಮಾತೂ ಇಲ್ಲವಲ್ಲ ಎಂದು ಕಣ್ಣೀರು ಹಾಕಿದರು. ಬಾಯಿಪಾಠ ಅಂತ ಹಂಗಿಸಿದ್ದ ನಾನೇ ಆವತ್ತು ಅವರ ಕಣ್ಣೊರೆಸಿದೆ.

ಭಾನುವಾರ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಚರ್ಚಿನಲ್ಲಿ ಅತ್ತೆ ಕೂರುವ ಬಲಗಡೆಯ ಮೂರನೇ ಬೆಂಚು ಖಾಲಿ ಉಳಿಯಿತು. ಅತ್ತೆ ನನ್ನನ್ನೂ ಎಳೆದುಕೊಂಡು ಬದನವಾಳಿಗೆ ಹೊರಟರು. ಮರಿತಾಯಮ್ಮ ಗಾಬರಿಯಿಂದ ಚಾಪೆ ಹಾಸಿದರು, ಟೀ ಕೊಟ್ಟರು. ಅತ್ತೆ ಕುಡಿದು, ಕೋಮಲಳ ಪಕ್ಕ ಕೂತು, ಏನೂ ಬೋಧಿಸದೆ, ನಿನಗೆ ಏನು ಕೇಳಬೇಕು ಹೇಳು ಮಗ ಅಂದರು. ಅತ್ತೆ ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹುಡುಗಿ ಲಂಗದ ಅಂಚು ತಿರುವುತ್ತ ಹೇಳಿದಳು. ನೋವಿನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಆಪರೇಷನ್ ಕೋಣೆಯೊಳಗೆ ಅಮ್ಮನನ್ನು ಬಿಡುವುದಿಲ್ಲವಂತೆ, ಅದೊಂದೇ ಭಯ.

ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ನಾನು ಅಭ್ಯಾಸಬಲದಿಂದ ಹದಿನಾಲ್ಕು ನಿಮಿಷಕ್ಕೆ ಸಿದ್ಧಳಾಗಿ ಕಾಲು ಮಡಿಸಿಕೊಂಡೆ.

“ಸ್ವಾಮಿ, ಇವ್ಳ ಎಸ್ರು ಕೋಮಲ. ಒಬ್ಳೇ ಒಳೀಕೆ ಓಗಕ್ಕೆ ಎದ್ರುಕತಾವ್ಳೆ. ಜೊತೇಲಿರು.”

ಅಷ್ಟೇ. ಆಮೆನ್ ಕೂಡ ಮರೆತರು. ಮರಿತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಂಬತ್ತು ವರ್ಷ ಅಡುಗೆಮನೆಯಿಂದಲೇ ದೇವರನ್ನು ಕೇಳಿಸಿಕೊಂಡಿದ್ದ ನನಗೂ ಅಳು ತಡೆಯಲಾಗಲಿಲ್ಲ.

ಕೋಮಲ ಬದುಕಿದಳು. ಪ್ರಾರ್ಥನೆಯಿಂದಲೇ ಅಂತ ಹೇಳಿ ಡಾಕ್ಟರ ಪಾಲನ್ನು ನಾನು ಕಸಿದುಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಅತ್ತೆ ಮರಿತಾಯಮ್ಮನ ಜೊತೆ ಆರು ದಿನ ನೆಲದ ಮೇಲೆ ಮಲಗಿದ್ದರು. ಸಭೆಯ ಹಿರಿಯರೊಬ್ಬರು, ಮರಿತಾಯಮ್ಮ ನಮ್ಮ ನಂಬಿಕೆಗೆ ಬಂದರೇನಮ್ಮ ಎಂದು ವಿಚಾರಿಸಿದರು. ಅದನ್ನು ಕೇಳಲು ನಾನು ಹೋಗಿರಲಿಲ್ಲ ಎಂದು ಅತ್ತೆ ಮೆಲ್ಲಗೆ ಹೇಳಿದರು. ಅಪ್ಪನ ಪ್ರಾರ್ಥನೆಯನ್ನು ಅವರು ಬಿಡಲಿಲ್ಲ, ಆದರೆ ಅದಕ್ಕೆ ಮುಂಚೆ ಪ್ರಾರ್ಥನೆ ನಡೆಯುವ ಮನೆಯವರ ಪಕ್ಕ ಕೂತು, ನಿಮಗೆ ಏನು ಕೇಳಬೇಕು ಎನ್ನುವುದು ಶುರುವಾಯಿತು. ಕೆಲವರಿಗೆ ಇರುಸುಮುರುಸಾಯಿತು. ನನಗೆ ಉಪ್ಪಿಟ್ಟಿನ ಲೆಕ್ಕ ತಪ್ಪಿತು.

ಎರಡು ಸಾವಿರದ ಆರರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅಪ್ಪನ ಪ್ರಾರ್ಥನೆಯ ಮೊದಲ ಪದವನ್ನು ಹುಡುಕುತ್ತ ತುಟಿ ಅಲುಗಿಸುತ್ತಿದ್ದರು, ಸಿಗದೆ ನನ್ನ ಕಡೆ ನೋಡುತ್ತಿದ್ದರು. ಆ ನೋಟವನ್ನು ಎದುರಿಸುವುದು ನನಗೆ ಕಷ್ಟವಾಗುತ್ತಿತ್ತು. ಒಂದು ಗುರುವಾರ ಸಭೆಯವರೆಲ್ಲ ಅವರ ಮಂಚದ ಸುತ್ತ ಸೇರಿದರು. ಪಾದ್ರಿಗಳು ಸೊಗಸಾಗಿ ಪ್ರಾರ್ಥಿಸಿದರು. ಹಾಸಿಗೆ ಹಿಡಿದವರಿಗೆಲ್ಲ ಶಾಂತಿ ಬೇಡಿದರು, ಆಮೆನ್ ಅಂದರು. ನಾನು ಆಗಷ್ಟೇ ರವೆ ಹಾಕಿದ್ದೆ.

ಆಗ ಬಾಗಿಲ ಪಕ್ಕದಿಂದ ಮರಿತಾಯಮ್ಮ ಎದ್ದರು. ಮಂಚದ ಅಂಚಿಗೆ ಕೂತು ಅತ್ತೆಯ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

“ಸ್ವಾಮಿ, ಇವ್ಳ ಎಸ್ರು ಕೃಪಾಮಣಿ. ಒಬ್ಳೇ ಓಗಕ್ಕೆ ಎದ್ರುಕತಾವ್ಳೆ. ಜೊತೇಲಿರು.”

ಅತ್ತೆ “ಊಂ” ಅಂದರು. ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ದನಿ ಅದು, ಹೆಸರು ಹಿಡಿದು ಕರೆದರೆ ಯಾರಾದರೂ ಓಗೊಡುವ ಹಾಗೆ.

ನಾನು ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಉಪ್ಪಿಟ್ಟು ಸೀದ ವಾಸನೆ ಮನೆತುಂಬ ಹರಡಿತು. ಆವತ್ತು ಎಲ್ಲರೂ ಅದನ್ನೇ ತಿಂದರು.