ಆ ಕಡೆ ಬಂದದ್ದೇ ಇಲ್ಲ ಎಂದ ಮೇಷ್ಟ್ರು

ಸೆಸಿಲ್ ಆರೆಂಡ್ಸೆ ಮೇಷ್ಟ್ರು ಬುಧವಾರ ಮನೆಯಲ್ಲಿ ಸಿಗುವುದಿಲ್ಲ ಎಂಬುದು ಅಥ್ಲೋನ್‌ನ ನಮ್ಮ ಬೀದಿಗೆಲ್ಲ ಗೊತ್ತಿದ್ದ ವಿಷಯ. ಬೆಳಿಗ್ಗೆ ಏಳಕ್ಕೆ ಅವರ ಹಳೆಯ ನೀಲಿ ಕೊರೊಲ್ಲಾ ಕಾರು ಗೇಟು ದಾಟಿತೆಂದರೆ ಮತ್ತೆ ಬರುವುದು ದೀಪ ಹಾಕುವ ಹೊತ್ತಿಗೇ. ಪಕ್ಕದ ಸೀಟಿನಲ್ಲಿ ಮನುಷ್ಯರು ಯಾರೂ ಇಲ್ಲ. ಅಲ್ಲಿ ಕೂರುವುದು ಬುತ್ತಿ ಡಬ್ಬಿ: ಬೇಯಿಸಿದ ಮೊಟ್ಟೆ ಎರಡು, ಹುರಿದ ಖೀಮಾ ಉಂಡೆ ನಾಲ್ಕು, ಬೆಣ್ಣೆ ಸವರಿದ ಬ್ರೆಡ್ಡು, ಜೊತೆಗೊಂದು ಚಹದ ಫ್ಲಾಸ್ಕು. ಒಂದು ವಾರ ಡಾರ್ಲಿಂಗ್ ಎಂಬ ಊರು, ಇನ್ನೊಂದು ವಾರ ಹರ್ಮಾನಸ್, ಮತ್ತೊಂದು ವಾರ ಪಿಕೆಟ್‌ಬರ್ಗ್. ಹೆಂಡತಿ ಮಿಲ್ಡ್ರೆಡ್ ತೀರಿಕೊಂಡ ಮೇಲೆ ಹಿಡಿದ ಹುಚ್ಚು ಎಂದು ಕೆಲವರು ಆಡಿಕೊಂಡರು. ಹುಚ್ಚೂ ಅಲ್ಲ, ಮಣ್ಣೂ ಅಲ್ಲ. ಮೇಷ್ಟ್ರ ಪ್ರಾಯದ ಕಾಲದಲ್ಲಿ, ಬಿಳಿಯರ ಸರ್ಕಾರದ ಕಾನೂನಿನಂತೆ, ಆ ಊರುಗಳ ಬೆಂಚುಗಳ ಮೇಲೆ ನಮ್ಮ ಬಣ್ಣದವರು ಕೂರುವಂತಿರಲಿಲ್ಲ, ಒಳ್ಳೆಯ ಕಡಲತೀರದಲ್ಲಿ ಕಾಲು ನೆನೆಸುವಂತಿರಲಿಲ್ಲ. ಹೋಟೆಲಿನವರು ಹಿಂಬದಿ ಕಿಟಕಿಯಿಂದ ಕೊಟ್ಟದ್ದನ್ನು ತೆಗೆದುಕೊಂಡು ಮುಂದೆ ಹೋಗಬೇಕಿತ್ತು. ಬುತ್ತಿ ಕಟ್ಟುವ ಅಭ್ಯಾಸ ಬಂದದ್ದೇ ಹಾಗೆ. ಈಗ ಆ ಬೆಂಚುಗಳ ಮೇಲೆಲ್ಲ ಒಂದೊಂದಾಗಿ ಕೂತು ಬರುತ್ತೇನೆ, ಯಾರು ಬೇಡ ಅಂತಾರೋ ನೋಡೋಣ ಎನ್ನುವ ಹಟ ಅವರದು.

ಹೊರಡುವಾಗ ಕೋಟು, ಟೈ, ಟೋಪಿ, ಪಾಲಿಶ್ ಮಾಡಿದ ಬೂಟು ಇರಲೇಬೇಕು. ಅದಕ್ಕೂ ಕಾರಣವಿದೆ. ಒಮ್ಮೆ ಹರ್ಮಾನಸ್‌ನಲ್ಲಿ ಸ್ವೆಟರ್ ತೊಟ್ಟು ರಸ್ತೆಬದಿಯಲ್ಲಿ ನಿಂತಿದ್ದಾಗ ಬಿಳಿಯ ಹೆಂಗಸೊಬ್ಬಳು ಮುಖವನ್ನೂ ನೋಡದೆ ಇವರ ಕೈಗೆ ಕಾರಿನ ಕೀಲಿ ಇಟ್ಟು, ನೆರಳಲ್ಲಿ ನಿಲ್ಲಿಸು ಎಂದುಬಿಟ್ಟಿದ್ದಳು. ಇಪ್ಪತ್ತಾರು ವರ್ಷ ಹೆಡ್‌ಮಾಸ್ಟರ್ ಆಗಿದ್ದವರಿಗೆ! ಆ ಕಥೆಯನ್ನು ನಮ್ಮ ಬೀದಿಯಲ್ಲಿ ಹತ್ತು ಸಲ ಕೇಳದವರಿಲ್ಲ. ಪ್ರತಿ ಸಲವೂ ಮೇಷ್ಟ್ರ ಮೂಗು ಕೆಂಪಾಗುತ್ತಿತ್ತು, ನಾವೂ ಹಲ್ಲು ಕಡಿಯುತ್ತಿದ್ದೆವು.

ಮೇಷ್ಟ್ರಿಗೆ ಒಬ್ಬಳೇ ಮಗಳು, ಬ್ರೊನ್ವಿನ್. ಆಸ್ಪತ್ರೆಯಲ್ಲಿ ನರ್ಸು, ಮೂವತ್ತನಾಲ್ಕು ವರ್ಷ. ಅಪ್ಪನೆಂದರೆ ಅವಳಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಆ ಸೆಪ್ಟೆಂಬರ್‌ನಲ್ಲಿ ಅವಳು ಡೀಸೆಲ್ ಮೆಕ್ಯಾನಿಕ್ ಮಾರ್ಲಿನ್ ಕೊರ್ಡೊಮ್‌ನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗನ ಊರು ಪಶ್ಚಿಮ ತೀರದ ಕ್ರಾಲ್‌ಬಾಯ್, ಅಪ್ಪನದು ಮೀನು ಹಿಡಿಯುವ ಕಸುಬು. ಇನ್ನು ಮೂರು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಹುಡುಗನ ತಂದೆತಾಯಿ ಪದ್ಧತಿಯಂತೆ ಹೆಣ್ಣು ಕೇಳಲು ಬರುವುದೆಂದು ಮಾತಾಯಿತು. ಮೇಷ್ಟ್ರು ಬಾಯಿ ತುಂಬ ಆಗಲಿ ಎಂದರು. ಹೊಟ್ಟೆಯೊಳಗೆ ಮಾತ್ರ, ಹೋಗಿ ಹೋಗಿ ಮೀನಿನವರ ಮನೆಗಾ ಎಂದು ಗೊಣಗುತ್ತಲೇ ಇದ್ದರು. ಮುಂದಿನ ಬುಧವಾರ ಡಬ್ಬಿ ತೆಗೆದುಕೊಂಡು, “ಡಾರ್ಲಿಂಗ್‌ಗೆ ಹೋಗಿ ಹೂವು ನೋಡ್ಕೊಂಡು ಬರ್ತೀನಿ” ಎಂದು ಮಗಳಿಗೆ ಹೇಳಿ ಹೊರಟವರು, ಡಾರ್ಲಿಂಗ್‌ನ ತಿರುವಿನಲ್ಲಿ ತಿರುಗದೆ ನೆಟ್ಟಗೆ ಕ್ರಾಲ್‌ಬಾಯಿಗೆ ಹೋದರು. ಆ ಜನ ಎಂಥವರು, ಅವರಿಗೆ ಗೊತ್ತಾಗದಂತೆ ಒಂದು ಸಲ ನೋಡಿಬಿಡಬೇಕು ಎಂಬ ಲೆಕ್ಕಾಚಾರ.

ಬಂದರಿನ ಹತ್ತಿರ, ದೋಣಿಗಳನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಯುವ ಇಳಿಜಾರಿನ ಬಾಯಲ್ಲೇ ಅವರು ಕಾರು ನಿಲ್ಲಿಸಹೋದರು. ಹೊಳೆಯುವ ಹಳದಿ ಜಾಕೀಟು, ರಬ್ಬರ್ ಬೂಟು ಹಾಕಿದ್ದ, ನೆರೆತ ಗಡ್ಡದ ಒಬ್ಬ ಮನುಷ್ಯ ಎರಡೂ ಕೈ ಬೀಸುತ್ತ ಬಂದ.

“ಇಲ್ಲಿ ಬೇಡ, ಇಲ್ಲಿ ಬೇಡ. ಆ ಕಡೆ ತಗೊಳ್ಳಿ. ಇನ್ನೂ ಸ್ವಲ್ಪ ಹಿಂದೆ. ಹಾಂ, ಸಾಕು.”

ನಮ್ಮಲ್ಲಿ ಕಾರು ನಿಂತಲ್ಲೆಲ್ಲ ಹಳದಿ ಜಾಕೀಟಿನ ಒಬ್ಬ ಕಾರು ಕಾಯುವವನು ಇದ್ದೇ ಇರುತ್ತಾನೆ. ಕೈ ಬೀಸಿ ಜಾಗ ತೋರಿಸುತ್ತಾನೆ, ಹೊರಡುವಾಗ ಕಿಟಕಿಯಿಂದ ಒಂದು ನಾಣ್ಯ ಕೊಟ್ಟರೆ ಮುಗಿಯಿತು. ಅವನ ಮುಖ ಯಾರೂ ನೋಡುವುದಿಲ್ಲ. ಮೇಷ್ಟ್ರೂ ನೋಡಲಿಲ್ಲ. ಇಳಿದು ಟೈ ಸರಿ ಮಾಡಿಕೊಳ್ಳುತ್ತ, “ಗಾಡಿ ಮೇಲೆ ಒಂದು ಕಣ್ಣಿರ್ಲಿ ಕಣಯ್ಯ” ಎಂದರು.

ಆ ಮನುಷ್ಯ ಇವರನ್ನು ತಲೆಯಿಂದ ಬೂಟಿನವರೆಗೆ ಒಮ್ಮೆ ನೋಡಿದ. “ಆಗ್ಲಿ ಮೇಷ್ಟ್ರೇ” ಎಂದ.

ಟೈ ಕಟ್ಟಿದವರನ್ನೆಲ್ಲ ಆ ಕಡೆಯವರು ಮೇಷ್ಟ್ರೇ ಎನ್ನುತ್ತಾರೆ ಎಂದುಕೊಂಡು ಇವರು ಒಳಗೊಳಗೇ ಉಬ್ಬಿದರು.

“ನಿಂದು ಇದೇ ಊರಾ?”

“ಹುಟ್ಟಿದ್ದೂ ಇಲ್ಲೇ. ಹೂಳೋದೂ ಇಲ್ಲೇ ಅಂತ ಕಾಣುತ್ತೆ.”

“ಇಲ್ಲಿ ಕೊರ್ಡೊಮ್ ಅಂತ ಒಂದು ಮನೆ ಇದೆಯಂತಲ್ಲ, ಗೊತ್ತಾ?”

“ಗೊತ್ತಿಲ್ದೆ ಏನು.”

“ಎಂಥ ಜನ? ಯಜಮಾನ ಕುಡೀತಾನಾ?”

ಆತ ಗಡ್ಡ ಕೆರೆದುಕೊಂಡ. “ಕ್ರಿಸ್‌ಮಸ್‌ಗೆ ಎರಡು ಗ್ಲಾಸು. ಹೆಂಡ್ತಿ ನೋಡ್ತಾ ಇದ್ರೆ ಒಂದು.”

“ಚರ್ಚಿಗೆ ಹೋಗ್ತಾರಾ?”

“ಅವ್ಳು ಪ್ರತಿ ವಾರ. ಅವ್ನು, ಸಮುದ್ರ ಕೆಟ್ಟಿದ್ದ ವಾರ.”

“ಸ್ವಂತ ಮನೆನಾ?”

“ಸ್ವಂತದ್ದೇ. ಮಾಡು ಸ್ವಲ್ಪ ಸೋರುತ್ತೆ.”

“ಮಾರ್ಲಿನ್ ಅಂತ ಒಬ್ಬ ಮಗ ಇದಾನಲ್ಲ, ಅವನು ಹೇಗೆ?”

ಆತ ಸಮುದ್ರದ ಕಡೆ ತಿರುಗಿದ. “ಹುಡುಗ ಬಂಗಾರ. ಅವನ ವಿಷಯ ನನ್ನನ್ನ ಕೇಳ್ಬಾರ್ದು ಮೇಷ್ಟ್ರೇ.”

ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನಿಲ್ಲಿಸಲಿಲ್ಲ. ಆಳಿನೊಡನೆ ಮಾತಾಡುವ ಸಲಿಗೆಯಲ್ಲಿ ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ ಬಂತು. “ಆ ಅಪ್ಪನಿಗೆ ನಾಲ್ಕು ಜನರ ನಡುವೆ ಕೂತು ಮಾತಾಡೋಕೆ ಬರುತ್ತೇನಯ್ಯ? ಮರ್ಯಾದಸ್ಥರ ಮನೆಗೆ ಮೀನಿನ ವಾಸನೆ ಹೊತ್ಕೊಂಡು ಬಂದ್ರೆ ಏನು ಗತಿ?”

“ಸ್ನಾನ ಮಾಡ್ಕೊಂಡು ಬರ್ತಾನೆ ಬಿಡಿ” ಎಂದ ಆತ.

ಮೇಷ್ಟ್ರು ನಕ್ಕರು. ನಗು ಬಂತು ಅವರಿಗೆ. ಒಂದು ಗಂಟೆ ಸಮುದ್ರದ ಎದುರಿನ ಬೆಂಚಿನ ಮೇಲೆ ಕೂತು, ಊರೇನೋ ಚೊಕ್ಕಟವಾಗಿದೆ ಎಂದುಕೊಂಡು, ಕಾರಿಗೆ ಮರಳಿದರು. ಎಂಜಿನ್ ಶುರು ಮಾಡಿ, ಕಣ್ಣು ಗೇರಿನ ಮೇಲಿಟ್ಟುಕೊಂಡೇ ಕಿಟಕಿಯಿಂದ ನಾಣ್ಯ ಚಾಚಿ “ತಗೋ” ಎಂದರು. ಒಂದು ಕೈ ಬಂದು ತೆಗೆದುಕೊಂಡಿತು. ಅದೇ ಗಳಿಗೆಗೆ ಮೀನು ಸೀಳುವ ಕಟ್ಟೆಯಿಂದ ಹೆಂಗಸೊಬ್ಬಳು ಕೂಗಿದಳು: “ಪೀಟ್ ಕೊರ್ಡೊಮ್, ಹರಟೆ ಮುಗೀತಾ? ನಿಮ್ಮದೇ ದೋಣಿ ಮೇಲೆ ಬರ್ತಿದೆ, ಟ್ರ್ಯಾಕ್ಟರಿಗೆ ಕೈ ತೋರಿಸೋರು ಯಾರೂ ಇಲ್ಲ ಇಲ್ಲಿ.”

“ಬಂದೆ” ಎಂದ ಹಳದಿ ಜಾಕೀಟಿನವನು.

ಮೇಷ್ಟ್ರು ಕನ್ನಡಿಯಲ್ಲಿ ನೋಡಿದರು. ಆತ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಇಳಿಜಾರಿನತ್ತ ಹೋಗುತ್ತಿದ್ದ, ಟ್ರ್ಯಾಕ್ಟರಿಗೆ ದಾರಿ ತೋರಿಸಲು. ಆ ಜಾಕೀಟು ಅದಕ್ಕೆ. ಆಗ ಕೈ ಬೀಸಿದ್ದೂ ಅದಕ್ಕೇ, ದೋಣಿಯ ದಾರಿಗೆ ಕಾರು ಅಡ್ಡ ಬಂತೆಂದು. ಇದೆಲ್ಲ ಒಂದೇ ಉಸಿರಿಗೆ ಅರ್ಥವಾಯಿತು. ಬ್ರೇಕು ಒತ್ತಿ, ಇಳಿದು, ಟೋಪಿ ತೆಗೆದು, ತಪ್ಪಾಯಿತು ಕೊರ್ಡೊಮ್‌ರವರೇ ಎಂದಿದ್ದರೆ ಎರಡು ನಿಮಿಷದ ಮಾತು. ಮೇಷ್ಟ್ರ ಕಾಲು ಆಕ್ಸಿಲರೇಟರ್ ಒತ್ತಿತು.

ಹತ್ತು ಮೈಲಿ ಆಚೆ ರಸ್ತೆಬದಿಗೆ ಕಾರು ನಿಲ್ಲಿಸಿದರು. ಡಬ್ಬಿ ತೆರೆದು, ಹಾಗೇ ಮುಚ್ಚಿಟ್ಟರು. “ಥೂ, ನಿನ್ನ ಜನ್ಮಕ್ಕಿಷ್ಟು” ಎಂದು ತಮಗೆ ತಾವೇ ಉಗಿದುಕೊಂಡರು. ಹರ್ಮಾನಸ್‌ನ ಆ ಹೆಂಗಸು ಕೀಲಿ ಕೊಟ್ಟಳು, ಅಷ್ಟೇ. ನೀನು ಕುಡಿಯುತ್ತೀಯಾ, ನಿನ್ನ ಮೈ ನಾರುತ್ತದಾ ಎಂದು ಅವಳು ಕೇಳಿರಲಿಲ್ಲ. ತಾವು ಕೇಳಿದ್ದರು. ಅದೂ ನಮ್ಮವನನ್ನೇ, ಅದೇ ಬಣ್ಣದವನನ್ನೇ, ಬೀಗನಾಗುವವನನ್ನೇ. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದು ಮನೆಗೆ ಬಂದರು.

“ಡಾರ್ಲಿಂಗ್ ಹೇಗಿತ್ತು ಡ್ಯಾಡಿ?” ಎಂದಳು ಬ್ರೊನ್ವಿನ್, ಬಾಗಿಲಲ್ಲೇ ನಿಂತು.

“ಚೆನ್ನಾಗಿತ್ತು. ಹೂವೆಲ್ಲ ಅರಳಿತ್ತು.”

ಅವಳು ಇನ್ನೇನೋ ಬರಬಹುದೆಂಬಂತೆ ನಿಂತಿದ್ದಳು. ಆಮೇಲೆ ಒಳಗೆ ಹೋದಳು.

ಮುಂದಿನ ಎರಡು ಬುಧವಾರ ನೀಲಿ ಕಾರು ಗೇಟು ದಾಟಲಿಲ್ಲ. ಕಾಲುನೋವು ಎಂದು ಬೀದಿಯವರಿಗೆ ಹೇಳಿದರು. ಒಳಗೆ ಕೂತು ಕ್ಷಮೆಯ ಕಾಗದ ಎರಡು ಸಲ ಬರೆದು ಎರಡು ಸಲವೂ ಹರಿದರು. ಫೋನ್ ನಂಬರು ಮಗಳ ಹತ್ತಿರ ಇತ್ತು. ಕೇಳಿದರೆ ಯಾಕೆ ಎನ್ನುತ್ತಾಳೆ. ಹೇಳಿದರೆ ಅವಳ ಕಣ್ಣಲ್ಲಿ ತಾವು ಏನಾಗಿ ಉಳಿಯುತ್ತಾರೆ? ಹೆದರಿಕೆ ಇದ್ದದ್ದು ಅದೊಂದಕ್ಕೇ. ಮದುವೆ ಮುರಿದರೆ ಎಂಬ ಭಯವೂ ಅದರ ಮುಂದೆ ಚಿಕ್ಕದು. ರಾತ್ರಿ ಊಟಕ್ಕೆ ಕೂತಾಗ ಅವಳು ಒಂದೆರಡು ಸಲ, “ಏನಾದ್ರೂ ಹೇಳೋದಿದ್ಯಾ ಡ್ಯಾಡಿ?” ಎಂದು ಕೇಳಿದಳು. “ಏನಿಲ್ಲಮ್ಮ, ಉಪ್ಪು ಕೊಡು” ಎಂದರು ಇವರು. ದಿನಕ್ಕೆ ಎಷ್ಟು ಕಾರು ಬರುತ್ತವೋ ಆ ಬಂದರಿಗೆ, ನನ್ನ ಮುಖ ಆತನಿಗೆ ಎಲ್ಲಿ ನೆನಪಿರುತ್ತದೆ ಎಂದು ತಮ್ಮನ್ನು ತಾವೇ ಪುಸಲಾಯಿಸಿಕೊಂಡರು. ನಾಚಿಕೆಗೇಡಿನ ಆಸೆ ಅದು, ಗೊತ್ತಿತ್ತು. ಆದರೂ ಅದನ್ನೇ ಹಿಡಿದುಕೊಂಡು ದಿನ ನೂಕಿದರು.

ಭಾನುವಾರ ಬಂತು. ಪೀಟ್ ಕೊರ್ಡೊಮ್ ಕಪ್ಪು ಸೂಟು ಹಾಕಿ, ಗಡ್ಡ ನುಣ್ಣಗೆ ತೆಗೆದು, ಹೆಂಡತಿ ಸ್ಟೀನಾಳ ಜೊತೆ ಬಂದ. ಹಿಂದೆ ಮಾರ್ಲಿನ್. ಸ್ಟೀನಾ ಹೊಗೆಯಲ್ಲಿ ಒಣಗಿಸಿದ ಮೀನೊಂದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಪೀಟ್ ಕೈ ಚಾಚಿ, “ನಿಮ್ಮನ್ನ ಕಂಡು ಸಂತೋಷವಾಯ್ತು ಮೇಷ್ಟ್ರೇ” ಎಂದ, ಇದೇ ಮೊದಲ ಸಲ ಕಂಡವನಂತೆ. ಮೇಷ್ಟ್ರ ಎದೆಯಿಂದ ಕಲ್ಲೊಂದು ಇಳಿಯಿತು. ಇಳಿದದ್ದಕ್ಕೂ ನಾಚಿಕೆಯಾಯಿತು.

ಚಹ, ಕೊಬ್ಬರಿ ಉದುರಿಸಿದ ಸಿಹಿ ಬನ್ನು ಆದ ಮೇಲೆ ಪೀಟ್ ಎದ್ದು ನಿಂತು, ನಿಮ್ಮ ತೋಟದಲ್ಲಿ ಒಂದು ಹೂವು ಕಂಡಿದ್ದೇವೆ, ಕೇಳಿಕೊಂಡು ಹೋಗಲು ಬಂದಿದ್ದೇವೆ ಎಂದು ಹಿರಿಯರು ಹೇಳುತ್ತಿದ್ದಂತೆಯೇ, ಒಂದು ಮಾತೂ ತಡವರಿಸದೆ ಹೇಳಿದ. ಇನ್ನು ಹೆಣ್ಣಿನ ತಂದೆಯ ಸರದಿ. ನಮ್ಮಲ್ಲಿ ಹುಡುಗನ ಮನೆತನದ ವಿಚಾರ ಹೆಣ್ಣಿನ ತಂದೆ ಎಲ್ಲರೆದುರು ಕೇಳಬೇಕು, ಹುಡುಗನ ತಂದೆ ಎಲ್ಲರೆದುರು ಉತ್ತರ ಕೊಡಬೇಕು. ಮೇಷ್ಟ್ರು ಚಹದ ಬಟ್ಟಲನ್ನೇ ನೋಡುತ್ತ ಕೂತರು.

“ಕೇಳೋ ಸೆಸಿಲ್, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?” ಎಂದಳು ಅಕ್ಕ ಡೊರೀನ್. ಸಾಕ್ಷಿಗೆಂದು ಬಂದವಳು ಅವಳು. “ಶಾಲೆ ಮಕ್ಕಳನ್ನ ಗಡಗಡ ನಡುಗಿಸ್ತಿದ್ದವನು ನೀನು.”

“ಮನೇಲಿ... ಕುಡಿತ ಉಂಟಾ?” ಎಂದರು ಮೇಷ್ಟ್ರು.

“ಕ್ರಿಸ್‌ಮಸ್‌ಗೆ ಎರಡು ಗ್ಲಾಸು” ಎಂದ ಪೀಟ್. “ಇವ್ಳು ನೋಡ್ತಾ ಇದ್ರೆ ಒಂದು.”

ಡೊರೀನ್ ನಕ್ಕಳು, ಸ್ಟೀನಾ ಗಂಡನ ಮೊಣಕೈ ತಿವಿದಳು. ಬಂದರಿನಲ್ಲಿ ಹೇಳಿದ ಅದೇ ಮಾತು. ಆತನಿಗೆ ಎಲ್ಲ ಗೊತ್ತು. ಆದರೂ ಪೀಟ್‌ನ ಮುಖದಲ್ಲಿ ಕೊಂಕಿನ ಸುಳಿವೂ ಇರಲಿಲ್ಲ. ತಾನಾಗಿಯೇ ಮೆಲ್ಲಗೆ ಕೇಳಿದ: “ಮೇಷ್ಟ್ರು ಬುಧವಾರ ಕಾರಲ್ಲಿ ಊರೂರು ಸುತ್ತುತ್ತಾರಂತೆ, ಹುಡುಗ ಹೇಳ್ತಾ ಇದ್ದ. ನಮ್ಮ ಕಡೆ ಯಾವಾಗ್ಲಾದ್ರೂ ಬಂದದ್ದುಂಟಾ?”

ಬಾಗಿಲು ತೆರೆದು ಹಿಡಿದವರ ಹಾಗೆ ಕೇಳಿದ್ದ ಆತ. ಒಳಗೆ ಬಂದರೆ ಸಾಕಿತ್ತು. ಚಹದ ತಟ್ಟೆ ಹಿಡಿದುಕೊಂಡು ಬ್ರೊನ್ವಿನ್ ನಡುಮನೆಯಲ್ಲೇ ನಿಂತುಬಿಟ್ಟಳು.

“ಆ ಕಡೆ ಬಂದದ್ದೇ ಇಲ್ಲ” ಎಂದರು ಮೇಷ್ಟ್ರು. “ಡಾರ್ಲಿಂಗ್‌ವರೆಗೆ, ಅಷ್ಟೇ.”

“ಹೌದು, ಸ್ವಲ್ಪ ದೂರಾನೇ ನಮ್ಮೂರು” ಎಂದ ಪೀಟ್, ಬನ್ನಿಗೆ ಕೈ ಹಾಕುತ್ತ.

ಮತ್ತೆ ಯಾವ ಪ್ರಶ್ನೆಯನ್ನೂ ಮೇಷ್ಟ್ರು ಕೇಳಲಿಲ್ಲ. ಒಪ್ಪಿದೆ ಎಂದರು, ಡೊರೀನ್ ಪ್ರಾರ್ಥನೆ ಹೇಳಿದಳು, ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡರು. ಐದು ಗಂಟೆಗೆ ಕೊರ್ಡೊಮ್‌ರ ಗಾಡಿ ಬೀದಿಯ ತಿರುವು ದಾಟಿತು. ಗೇಟಿನಲ್ಲಿ ನಿಂತಿದ್ದ ಮೇಷ್ಟ್ರಿಗೆ, ನಿಜ ಹೇಳಬೇಕೆಂದರೆ, ಬಚಾವಾದೆ ಎನ್ನಿಸಿತು. ದೊಡ್ಡ ಮನುಷ್ಯ, ಬಾಯಿ ಬಿಡಲಿಲ್ಲ, ಇನ್ನು ಬಿಡುವುದೂ ಇಲ್ಲ. ಮಗಳಿಗೆ ಒಂದು ಕೈ ಸಹಾಯ ಮಾಡೋಣ ಎಂದು ಅಡುಗೆಮನೆಗೆ ಹೋದರು. ಬ್ರೊನ್ವಿನ್ ಬಟ್ಟಲು ತೊಳೆಯುತ್ತಿದ್ದಳು.

“ಒಳ್ಳೆ ಜನ” ಎಂದರು ಮೇಷ್ಟ್ರು.

“ಅವತ್ತು ಸಂಜೇನೇ ಮಾರ್ಲಿನ್ ಅಪ್ಪ ಫೋನ್ ಮಾಡಿದ್ರು ಡ್ಯಾಡಿ” ಎಂದಳು ಅವಳು, ತಿರುಗದೆ. “ಅವ್ರಿಗೆ ಮಾರ್ಲಿನ್ ಮೊದ್ಲೇ ನಿಮ್ಮ ಫೋಟೋ ತೋರಿಸಿದ್ದ. ಕಾರಿಂದ ಇಳಿದ ಕೂಡ್ಲೇ ಗುರುತು ಸಿಕ್ತಂತೆ. ನಗ್ತಾ ಇದ್ರು, ಕೋಪ ಏನೂ ಇರ್ಲಿಲ್ಲ. ಮೇಷ್ಟ್ರಿಗೆ ಬೇಜಾರಾಗೋದು ಬೇಡ, ನಾನೇ ಇದನ್ನ ತಮಾಷೆ ಮಾಡಿ ಮುಗಿಸಿಬಿಡ್ತೀನಿ ಅಂದ್ರು. ನಾನೇ ಬೇಡ ಅಂದೆ.”

ಅವಳು ಇನ್ನೊಂದು ಬಟ್ಟಲು ತೊಳೆದು ಪಕ್ಕಕ್ಕಿಟ್ಟಳು.

“ನಮ್ಮ ಡ್ಯಾಡಿ ಎಂಥವರು ಅಂತ ನಿಮಗೆ ಗೊತ್ತಿಲ್ಲ ಅಂದೆ. ತಪ್ಪು ಮಾಡಿದ್ರೆ ಮಕ್ಕಳ ಮುಂದೇನೂ ಒಪ್ಕೊಳ್ಳೋರು, ತಾವೇ ಹೇಳ್ತಾರೆ, ಯಾರೂ ಬಾಯಿ ಬಿಡ್ಬೇಡಿ ಅಂದೆ. ಎರಡೂವರೆ ವಾರ ದಿನಾ ಕಾದೆ. ಇವತ್ತು ಅವರು ಅಷ್ಟು ಸುಲಭ ಮಾಡಿ ಕೇಳಿದಾಗ, ಈಗ ಹೇಳ್ತಾರೆ ಅಂದ್ಕೊಂಡೆ.”

ಬೆಳಗಿನ ಪ್ರಾರ್ಥನೆಗೆ ಒಂಬೈನೂರು ಮಕ್ಕಳೆದುರು ತಲೆಯೆತ್ತಿ ನಿಲ್ಲುತ್ತಿದ್ದ ಮನುಷ್ಯನಿಗೆ ಈ ಒಬ್ಬಳ ಬೆನ್ನನ್ನು ನೋಡಲಾಗಲಿಲ್ಲ. ಕಾರಿನ ಕೀಲಿಗಾಗಿ ಜೇಬು ತಡಕಿದರು. “ಇನ್ನೂ ಊರು ದಾಟಿರಲ್ಲ ಅವರು. ಹೋಗಿ ಹಿಡೀತೀನಿ. ರಸ್ತೇಲಿ ನಿಲ್ಲಿಸಿ, ಅವರ ಕಾಲಿಗೆ ಬಿದ್ದಾದ್ರೂ...”

ಬ್ರೊನ್ವಿನ್ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ಈಗ ತಿರುಗಿ ನೋಡಿದಳು. ಅವಳಿಗೂ ಸಿಟ್ಟಿರಲಿಲ್ಲ.

“ಬೇಡ ಡ್ಯಾಡಿ” ಎಂದಳು. “ಈಗ ಹೋಗಿ ಹೇಳಿದ್ರೆ, ನಾನು ಹೇಳಿಸಿದ ಹಾಗಾಗುತ್ತೆ.”

ಒರೆಸುವ ಬಟ್ಟೆಯನ್ನು ಅವರ ಕೈಗಿಟ್ಟು ಅವಳು ತನ್ನ ಕೋಣೆಗೆ ಹೋದಳು. ಬಟ್ಟಲುಗಳು ಇನ್ನೂ ಆರೇಳು ಉಳಿದಿದ್ದವು. ಮೇಷ್ಟ್ರು ಅವನ್ನು ಒಂದೊಂದಾಗಿ ಒರೆಸಿದರು.