ಸವಳು ಹೊಲದ ಸಜ್ಜೆ

ಇವತ್ತು ಬೆಳಿಗ್ಗೆ ಮಲ್ಲಿಗೆ ಕುಂಡದ ಅಂಚಿನಲ್ಲಿ ಬಿಳಿಯ ಪುಡಿ ಕಂಡಿತು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟೆ, ಉಪ್ಪುಪ್ಪು. “ಮಣ್ಣು ತಿನ್ನಾಕ ಹತ್ತೀರೇನ್ರೀ, ಅತ್ತಿಯವ್ರ?” ಎಂದು ಸೊಸೆ ನಕ್ಕಳು. ನಗಲಿ ಬಿಡಿ. ಆ ರುಚಿಗೆ ನನಗೆ ನೆನಪಾದದ್ದು ಮಕ್ತಲ್ ಹತ್ತಿರದ ಎರಡೆಕರೆ ಸವಳು ಹೊಲ, ಮತ್ತು ನನ್ನ ಅತ್ತೆ ಗಂಗಮ್ಮ.

ನಾವು ನೇಕಾರರು. ನಾನು ನಾರಾಯಣಪೇಟೆಯಲ್ಲಿ ಹುಟ್ಟಿದವಳು. ಎಳೆ ಹರಿದರೆ ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದೆ. ಪೈರು ಯಾವುದು, ಕಳೆ ಯಾವುದು ಎಂದರೆ ಮಾತ್ರ ಬಾಯಿ ಬಾಯಿ ಬಿಡುತ್ತಿದ್ದೆ. ನಾನು ಮದುವೆಯಾಗಿ ಬಂದ ವರ್ಷವೇ ನಿಜಾಮರ ರಾಜ್ಯದಲ್ಲಿ ಗಲಾಟೆ. ನೂಲು ಬರುವುದು ನಿಂತಿತು, ಮನೆಯ ಮಗ್ಗಗಳೂ ನಿಂತವು. ಉಳಿದದ್ದು ಆ ಹೊಲ. ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಕಾಣುತ್ತಿತ್ತು. ದಫ್ತರದಲ್ಲೂ ಬಂಜರು ಎಂದೇ ಬರೆದಿದ್ದರು.

ಮೊದಲ ಮಳೆಗೆ ಸಜ್ಜೆ ಬಿತ್ತಿದೆವು. ಮೊಳಕೆ ಎದ್ದವು, ನೆಲ ಒಣಗುತ್ತಲೇ ಸುಟ್ಟುಹೋದವು. “ಇನ್ನೊಂದು ವರ್ಷ ನೋಡೂನು ಯವ್ವಾ. ಆಗಲಿಲ್ಲಂದ್ರ ಸೋಲಾಪುರದ ಗಿರಣಿಗೆ ಹೋಗೋದ” ಎಂದರು ನನ್ನ ಗಂಡ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ.

ಹೊಲ ಹಸನು ಮಾಡಲು ಅತ್ತೆಯ ಜೊತೆ ಹೋದೆ. ಬದುವಿನ ಇಳಿಜಾರು ಓರೆಯಲ್ಲಿ ಹಸಿರಾಗಿ ನಿಂತಿದ್ದ ಹುಲ್ಲನ್ನು ಭಾರಿ ಹುರುಪಿನಿಂದ ಕೀಳುತ್ತಿದ್ದೆ. ಅತ್ತೆ ಓಡಿ ಬಂದು ಕೈ ಹಿಡಿದರು.

“ಕೀಳಬ್ಯಾಡ ತಾಯಿ! ಹುಲ್ಲಲ್ಲ ಅದು, ಸಜ್ಜಿ ಐತಿ!”

ಅಷ್ಟರಲ್ಲಿ ಹತ್ತಾರು ಪೈರು ನನ್ನ ಮುಷ್ಟಿಯಲ್ಲಿದ್ದವು. ಅತ್ತೆ ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಬದುವನ್ನೇ ನೋಡಿದರು. “ಉಪ್ಪು ಮ್ಯಾಲ ನೆತ್ತಿಗೆ ಏರಿ ಕುಂತೈತಿ ನೋಡು. ಓರಿಗೆ ಬಿದ್ದ ಕಾಳು ಬದುಕ್ಯಾವ.”

ಮರುವರ್ಷದ ಹೊತ್ತಿಗೆ ಪೋಲೀಸ್ ಆಕ್ಷನ್ ಮುಗಿದು ಊರಿನ ಭಯ ಹೋಗಿತ್ತು. ನೂಲು ಮಾತ್ರ ಇನ್ನೂ ಬಂದಿರಲಿಲ್ಲ. ಹೊಂಗೆ ಸೊಪ್ಪು ಹೊತ್ತು ತಂದು ಮಣ್ಣಿಗೆ ತುಳಿದೆವು. ಮೊದಲ ಮಳೆ ಉಪ್ಪನ್ನು ತೊಳೆದುಕೊಂಡು ಹೋಗಲೆಂದು ಹೊಲದ ತುದಿಗೆ ಕಾಲುವೆ ತೋಡಿದೆವು. ಅತ್ತೆ ಬೀಜವನ್ನು ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರು. ಯಾಕೆಂದು ಕೇಳಿದೆ. “ನೂಲಿಗೆ ಗಂಜಿ ಕುಡಿಸಿ ಗಟ್ಟಿ ಮಾಡಂಗಿಲ್ಲೇನು? ಹಂಗ ಇದು.” ಆಮೇಲೆ ಪುಟ್ಟ ಬದುಗಳಂತೆ ಏರು ಸಾಲು ಎಳೆದು, ನೆತ್ತಿ ಬಿಟ್ಟು ಓರೆಯಲ್ಲಿ ಕಾಳು ಊರಿದೆವು. ಪಕ್ಕದ ಹೊಲದ ಹನುಮರೆಡ್ಡಿ ನಿಂತು ನೋಡಿ, “ನೇಕಾರ್ರು ಹೊಲದಾಗ ಸೀರಿ ನೇಯಾಕ ಹತ್ಯಾರ!” ಎಂದು ನಕ್ಕ.

ಎರಡು ಮಳೆ ಬಂದವು. ಆಮೇಲೆ ಮೋಡದ ಸುಳಿವೇ ಇಲ್ಲ. ಒಳ್ಳೆಯ ನೆಲದ ಪೈರುಗಳೂ ಸುರುಟಿಕೊಂಡವು. ನಮ್ಮ ಸಜ್ಜೆ ಮಧ್ಯಾಹ್ನ ಬಾಡುತ್ತಿತ್ತು, ಬೆಳಗಾದರೆ ಮತ್ತೆ ತಲೆ ಎತ್ತಿ ನಿಂತಿರುತ್ತಿತ್ತು. ದಿನಾ ಹೋಗಿ ಮುಟ್ಟಿ ನೋಡುತ್ತಿದ್ದೆ. ಕೊನೆಗೆ ನನ್ನ ಎತ್ತರಕ್ಕೆ ತೆನೆ ತೂಗಿದಾಗ, ನಾಚಿಕೆ ಬಿಟ್ಟು ಬದುವಿನ ಮೇಲೆ ಕುಣಿದೆ.

ಹನುಮರೆಡ್ಡಿ ಬಂದ. “ಸೆಬಾಸ್ ಗಂಗಮ್ಮಾ! ನಕ್ಕಿದ್ದು ತಪ್ಪಾತು. ನಮ್ಮ ಸವಳಿಗೂ ಹೇಳಿಕೊಡ್ರಿ.”

“ನನ್ನ ಸೊಸಿನ್ನ ಕೇಳ್ರಿ. ಅಕಿ ಕಿತ್ತಿದ್ದಕ್ಕ ನನಗ ಕಂಡಿದ್ದು” ಎಂದರು ಅತ್ತೆ.

ಸೋಲಾಪುರದ ಮಾತು ಮತ್ತೆ ಏಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಊರಿನ ಸವಳು ಹೊಲಗಳಲ್ಲೆಲ್ಲ ಏರು ಸಾಲು. ಓರೆಯಲ್ಲಿ ಕಾಳು ಊರುವುದನ್ನು ತೋರಿಸುತ್ತ, ಸೆರಗು ಸಿಕ್ಕಿಸಿಕೊಂಡು ತಿರುಗಿದವಳು ನಾನು!

ಉಟ್ಕೂರಿನಲ್ಲಿ ನಮ್ಮ ಮೊಮ್ಮಗನ ಪಾಲಿಗೆ ಸವಳು ಹೊಲದ ತುಂಡೊಂದು ಬಂದಿದೆಯಂತೆ, ಬೇಡ ಅನ್ನುತ್ತಿದ್ದಾನೆ. ನೋಡದೆ ಬೇಡ ಅನ್ನಬೇಡ ಎಂದು ಹೇಳಿ ಕಳಿಸಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಾನೇ ಹೊರಟಿದ್ದೇನೆ.