ಸಾಹೇಬರ ಊರಿನ ಕಲ್ಲು, ನಮ್ಮ ಬೀರಪ್ಪನ ಕಲ್ಲು

ನಿಜಾಮರ ಸರ್ಕಾರ ಮಕ್ತಲ್ ಕಡೆ ಸಡಕು ಹಾಕಿಸೋ ಕಾಲಕ್ಕ ನಾನು ಒಬ್ಬ ಇಂಗ್ಲಿಷ್ ಇಂಜಿನಿಯರ್ ಸಾಹೇಬರಿಗೆ ದುಭಾಷಿ ಆಗಿದ್ದೆ. ಬಿಡುವು ಸಿಕ್ಕಾಗೆಲ್ಲ ಅವರದು ಒಂದೇ ಪುರಾಣ. ಇಂಗ್ಲೆಂಡಿನ್ಯಾಗ ಅವರದೊಂದು ಸಣ್ಣ ಹಳ್ಳಿ, ಅಲ್ಲೊಂದು ಹಳೇ ಚರ್ಚು, ಕಲ್ಲಿನ ಬಾವಿ, ಊರ ನಡುವ ಯಾವ ಕಾಲದ್ದೋ ಒಂದು ನಿಂತ ಕಲ್ಲು. "ಅದಕ್ಕ ಧಕ್ಕೆ ಆಗಬಾರದಂತ ರಸ್ತೆನ ಸುತ್ತು ಹಾಕಿ ಒಯ್ದಾರ" ಅಂತ ಹೇಳೋವಾಗ ಅವರ ಕಣ್ಣು ತುಂಬತಿದ್ದವು.

ಮರಿಕಲ್ ಹತ್ರ ಸಡಕಿಗೆ ಕುರುಬರ ದೇವರು ಬೀರಪ್ಪನ ಕಲ್ಲು ಅಡ್ಡ ಬಂತು. ನನ್ನ ಬಾಯಿಂದ ಈ ಕಥಿ ಕೇಳಿದ್ದ ಕುರುಬರ ಹಿರಿಯ ಕೈ ಮುಗಿದ. "ಸಾಹೇಬರ ಊರಾಗ ಸುತ್ತು ಹಾಕ್ಯಾರಂತಲ್ರೀ, ಇಲ್ಲೂ ಹಾಕಾಕ ಹೇಳ್ರೀ."

ಹಂಗೇ ಹೇಳಿದೆ.

"ಅದಕ್ಕ ಇತಿಹಾಸ ಐತಿ. ಇದು ಬರೇ ಕಲ್ಲು" ಅಂದ್ರು ಸಾಹೇಬರು. ಒಡೆಸಿ, ಅಲ್ಲೇ ಕಟ್ಟತಿದ್ದ ಸೇತುವೆಗೆ ಹಾಕಿಸಿದ್ರು.

ದೇವರ ಚೂರು ಸೇತುವೆಯ ಯಾವ ಮೂಲ್ಯಾಗ ಸೇರ್ಯಾವೋ ಯಾರಿಗೂ ಗೊತ್ತಾಗಲಿಲ್ಲ. ಅದಕ್ಕ ಕುರುಬರು ಇಡೀ ಸೇತುವೆಗೇ ಭಂಡಾರದ ಅರಿಶಿಣ ಎರಚಿ ಪೂಜಿ ಸುರು ಮಾಡಿದ್ರು. ಸಾಹೇಬರು ನೋಡಿ ಹಿಗ್ಗಿದ್ರು. "ನೋಡು, ನನ್ನ ಸೇತುವೆಗೆ ಪೂಜಿ ಮಾಡತಾರ!"

"ಸೇತುವೆಗಲ್ರೀ, ನೀವು ಒಡೆಸಿದ ದೇವರಿಗೆ" ಅಂದೆ. ಕೇಳೋರು ಯಾರು? ಸೇತುವೆ ಮ್ಯಾಲ ನಿಂತು ಫೋಟೋ ಹೊಡೆಸಿಕೊಂಡು ತಮ್ಮ ಊರಿಗೆ ಕಳಿಸಿದ್ರು.

ಅದು ಈಗ ಆ ಚರ್ಚಿನ ಗೋಡಿ ಮ್ಯಾಲ ಐತಂತ. ಕರಿ-ಬಿಳಿ ಫೋಟೋದಾಗ ಅರಿಶಿಣ ಕಾಣೂದಿಲ್ಲ. ಮ್ಯಾಲ ಸಾಹೇಬರು, ಕೆಳಗ ಕೈ ಮುಗಿದ ಕುರುಬರು, ಅಷ್ಟ ಕಾಣತಾರ.